ಹುಳಿಗೂ ಒಂದು ಮುಪ್ಪು

ಆಷಾಢದ ಮಳೆ ಹಿಡಿದು ಕೂತಿತೆಂದರೆ, ಒಣಗಿದ್ದೆಂದು ಹೇಳಬಹುದಾದ ಪದಾರ್ಥ ಸಂಸೆಯ ಮನೆಗಳಲ್ಲಿ ಒಂದೂ ಉಳಿಯುವುದಿಲ್ಲ. ಉಪ್ಪಿನ ಮರಿಗೆಯಲ್ಲಿ ನೀರೊಡೆಯುತ್ತದೆ. ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆಯೇ ಹೊರತು ಬೆಂಕಿ ಹುಟ್ಟುವುದಿಲ್ಲ. ಬೇಸಗೆಯಲ್ಲಿ ಮಾಡಿಟ್ಟ ಹಪ್ಪಳ ಸಂಡಿಗೆಗಳು ಡಬ್ಬಿಯೊಳಗೇ ಮೆತ್ತಗಾಗುತ್ತವೆ. ಒಗೆದ ಬಟ್ಟೆ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಎರಡು ದಿನ ತೂಗಾಡಿ, ಹೊಗೆಯ ವಾಸನೆ ಹೊತ್ತುಕೊಂಡು, ಅರೆ ಒಣಗಿ ಮೈಗೇರುತ್ತದೆ. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ, ಚಹದ ತೋಟಗಳ ಹಸಿರು ದಿಬ್ಬಗಳ ನಡುವೆ ಇರುವ ಊರು ಇದು. ಅರಬ್ಬೀ ಸಮುದ್ರದಿಂದ ಹೊರಟ ಮೋಡ, 1,890 ಮೀಟರಿಗೂ ಮಿಕ್ಕ ಎತ್ತರದ ಕುದುರೆಮುಖ ಶಿಖರಕ್ಕೆ ಬಡಿದು, ಹೊತ್ತು ತಂದುದನ್ನೆಲ್ಲ ಈ ಸುತ್ತಿನಲ್ಲಿಯೇ ಇಳಿಸಿ ಹಗುರಾಗುತ್ತದೆ.

ಇಂಥ ಊರಿನ ಕಾಫಿ ಬೆಳೆಗಾರನಿಗೆ ತೇವವೆಂದರೆ ಶತ್ರು. ಚಳಿಗಾಲದಲ್ಲಿ ಕೆಂಪಗೆ ಹಣ್ಣಾದ ಅರೇಬಿಕಾವನ್ನೂ, ಅದರ ಬೆನ್ನಿಗೇ ಬರುವ ರೊಬಸ್ಟಾವನ್ನೂ ಕೊಯ್ಯಿಸಿ, ಕಣದಲ್ಲಿ ಹರಡಿ, ಹಗಲೆಲ್ಲ ಗೋರೆಯಾಡಿಸಿ, ಸಂಜೆ ಗುಡ್ಡೆಮಾಡಿ ಮುಚ್ಚಿ, ಹೀಗೆ ದಿನಗಟ್ಟಲೆ ಬಿಸಿಲು ಕಾಣಿಸಿದ ಮೇಲೆ, ಹಿಡಿಯಲ್ಲಿ ತೆಗೆದುಕೊಂಡು ಅಲ್ಲಾಡಿಸಿದರೆ ಸಿಪ್ಪೆಯೊಳಗಿನ ಬೀಜ ಗಲಗಲ ಎನ್ನಬೇಕು. ಎನ್ನದಿದ್ದರೆ ಇನ್ನೂ ಎರಡು ಬಿಸಿಲು. ನಡುವೆ ಅಕಾಲದ ಒಂದು ಮಳೆ ಬಿದ್ದರೆ ಮನೆಮಂದಿಯೆಲ್ಲ ಊಟದ ತಟ್ಟೆ ಬಿಟ್ಟು ಕಣಕ್ಕೆ ಓಡುತ್ತಾರೆ. ತೇವ ಉಳಿದ ಕಾಫಿ ಮೂಟೆಯೊಳಗೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ, ಕೊಳ್ಳುವವನ ಅಂಗಡಿಯಲ್ಲಿ ತೇವ ಅಳೆಯುವ ಯಂತ್ರದ ಮುಂದೆ ಬೆಲೆ ಕಳೆದುಕೊಳ್ಳುತ್ತದೆ. ಆದುದರಿಂದ ಮುಂಗಾರು ಮುರಿದು ಬೀಳುವ ಮೊದಲೇ ಸರಕನ್ನು ಸಾಗಿಸಿ ನಿಟ್ಟುಸಿರು ಬಿಡುವುದು ಸಣ್ಣ ಬೆಳೆಗಾರರ ರೂಢಿ.

ಇದೇ ನಾಡಿನ ಕಾಫಿ ಘಟ್ಟವಿಳಿದು ಕಡಲ ಕರೆಗೆ ಹೋದಾಗ ನಡೆಯುವ ಉಪಚಾರವನ್ನು ಕಂಡರೆ ಆ ಬೆಳೆಗಾರ ತಲೆಯ ಮೇಲೆ ಕೈ ಹೊತ್ತುಕೊಂಡಾನು. ಮಂಗಳೂರಿನ ಕೆಲವು ಗೋದಾಮುಗಳಲ್ಲಿ, ಹೊರಗೆ ಮಳೆ ಧೋ ಎಂದು ಸುರಿಯುತ್ತಿರುವಾಗ, ಸುತ್ತಲಿನ ಬಾಗಿಲುಗಳನ್ನೆಲ್ಲ ತೆರೆದು, ಅಷ್ಟು ಕಷ್ಟಪಟ್ಟು ಒಣಗಿಸಿದ ಬೀಜವನ್ನು ನೆಲದ ಮೇಲೆ ಹರಡಿ, ಸಮುದ್ರದ ತೇವದ ಗಾಳಿಯನ್ನು ಬೇಕೆಂದೇ ಅದರ ಮೇಲೆ ಹಾಯಿಸುತ್ತಾರೆ. ಒಂದು ದಿನವಲ್ಲ, ಎರಡು ದಿನವಲ್ಲ. 12ರಿಂದ 16 ವಾರ. ಮಳೆಗಾಲ ಮುಗಿಯುವ ಹೊತ್ತಿಗೆ ಬೂದುಹಸಿರು ಬೀಜ ಉಬ್ಬಿ, ಹೆಚ್ಚುಕಡಿಮೆ ಎರಡರಷ್ಟು ಗಾತ್ರವಾಗಿ, ಒಣಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಕೆಟ್ಟುಹೋಯಿತೆಂದು ಅದನ್ನು ಯಾರೂ ಎಸೆಯುವುದಿಲ್ಲ. ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರಿನಲ್ಲಿ, ಸಾಧಾರಣ ಚೆರ್ರಿ ಕಾಫಿಗಿಂತ ಹೆಚ್ಚಿನ ಬೆಲೆಗೆ, ಅದು ಹಡಗು ಹತ್ತುತ್ತದೆ.

ಹುಣಸೆ ಮರ ಮುಪ್ಪಾದರೆ ಹುಳಿ ಮುಪ್ಪೇ ಎಂದು ಗಾದೆ ಕೇಳುತ್ತದೆ. ಹುಣಸೆಯ ಮಟ್ಟಿಗೆ ಅದು ಸರಿ. ಈ ಕಾಫಿಯ ಮಟ್ಟಿಗೆ ಮಾತ್ರ ಉತ್ತರ ಬೇರೆ: ನಾಲ್ಕು ತಿಂಗಳ ಮಳೆಗಾಳಿ ಕುಡಿದ ಬೀಜದಲ್ಲಿ ಎಲ್ಲಕ್ಕಿಂತ ಮೊದಲು ಮುಪ್ಪಾಗುವುದು ಹುಳಿಯೇ. ಅಂದಮೇಲೆ ಹಳತಾಗುವುದಕ್ಕೂ ಹಳಸುವುದಕ್ಕೂ ನಡುವಿನ ಗೆರೆ ಎಲ್ಲಿದೆ? ಅದನ್ನು ಎಳೆಯುವವರು ಯಾರು? ಈ ಪ್ರಶ್ನೆಯನ್ನು ತಲೆತಲಾಂತರದಿಂದ ಕಟ್ಟಿಕೊಂಡು ಕೂತವರು ಕಾಫಿಯವರಲ್ಲ, ದ್ರಾಕ್ಷಾಸವದವರು. ಆದಕಾರಣ ಸಂಸೆಯಿಂದ ಸ್ವಲ್ಪ ಹೊತ್ತು ಇಟಲಿಗೆ ಹೋಗಿಬರುವುದು ಅಗತ್ಯ.

ಮಂಜಿನ ದ್ರಾಕ್ಷಿ

ವೈನ್ ಎಂದೊಡನೆ ಮುಖ ತಿರುಗಿಸುವ ಮನೆಗಳಲ್ಲಿಯೂ ಒಂದು ಕಾಲಕ್ಕೆ ಗೋಡೆಗೂಡಿನಲ್ಲಿ ದ್ರಾಕ್ಷಾರಿಷ್ಟದ ಸೀಸೆ ಇರುತ್ತಿತ್ತೆಂಬುದನ್ನು ಹಿರಿಯರು ಮರೆತಿರಲಾರರು. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂ ಕೂಡಿಸಿ, ಬಾಯಿ ಮುಚ್ಚಿ, ಹುದುಗಲು ಬಿಟ್ಟು ತೆಗೆದದ್ದು ಅದು. ಆಸವ ಅರಿಷ್ಟಗಳು ಹಳತಾದಷ್ಟೂ ಗುಣ ಹೆಚ್ಚೆಂಬುದು ಆಯುರ್ವೇದದ ಮಾತು. ಹುದುಗಿದ ದ್ರಾಕ್ಷಿಗೆ ವಯಸ್ಸು ಒಳ್ಳೆಯದನ್ನು ಮಾಡಬಲ್ಲದೆಂಬ ತಿಳಿವಳಿಕೆ ಹಾಗಾಗಿ ಈ ದೇಶಕ್ಕೆ ಹೊಸದೇನಲ್ಲ. ಅದನ್ನು ನಾಲಗೆಯ ವಿಷಯವಾಗಿ ಬೆಳೆಸಿದವರು ಮಾತ್ರ ಬೇರೆಯವರು.

ಇಟಲಿಯ ವಾಯವ್ಯ ಮೂಲೆಯಲ್ಲಿ, ಆಲ್ಪ್ಸ್ ಪರ್ವತದ ಬುಡಕ್ಕೆ, ಪಿಯೆಮೊಂತೆ ಎಂಬ ಪ್ರಾಂತ ಇದೆ. ಅದರ ಲಾಂಗೆ ಎಂಬ ಗುಡ್ಡಸೀಮೆಯಲ್ಲಿ ಬರೋಲೊ ಎಂಬುದೊಂದು ಸಣ್ಣ ಊರು. ಸಂಸೆಯಂತೆಯೇ ಏರಿಳಿತದ ನೆಲ, ಸಂಸೆಯಂತೆಯೇ ಮಂಜು. ಅಕ್ಟೋಬರ್ ತಿಂಗಳಲ್ಲಿ ದ್ರಾಕ್ಷಿ ಕೊಯ್ಯುವ ವೇಳೆಗೆ ಕಣಿವೆಗಳನ್ನೆಲ್ಲ ಬೆಳಗಿನ ಮಂಜು ತುಂಬಿಕೊಳ್ಳುತ್ತದೆ. ಅಲ್ಲಿ ಬೆಳೆಯುವ ಕಪ್ಪು ದ್ರಾಕ್ಷಿಯ ಹೆಸರು ನೆಬ್ಬಿಯೊಲೊ. ಇಟಾಲಿಯನ್ ಭಾಷೆಯಲ್ಲಿ ನೆಬ್ಬಿಯ ಎಂದರೆ ಮಂಜು. ಹೆಸರು ಅದರಿಂದಲೇ ಬಂದಿತೆನ್ನುವವರು ಹಲವರು. ಈ ದ್ರಾಕ್ಷಿಯಿಂದ ತೆಗೆದ ಕೆಂಪು ವೈನಿಗೂ ಊರಿನ ಹೆಸರೇ, ಬರೋಲೊ. ಯುನೆಸ್ಕೊ ಸಂಸ್ಥೆ 2014ರಲ್ಲಿ ಆ ದ್ರಾಕ್ಷಿತೋಟಗಳ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಎರಡು ವರ್ಷ ಮೊದಲು, 2012ರಲ್ಲಿ, ಕುದುರೆಮುಖದ ಕಾಡು ಪಶ್ಚಿಮ ಘಟ್ಟಗಳ ಇತರ ತಾಣಗಳೊಡನೆ ಅದೇ ಪಟ್ಟಿಗೆ ಸೇರಿತ್ತು. ಎರಡು ಮಂಜಿನ ಸೀಮೆಗಳಿಗೂ ಹೀಗೊಂದು ದೂರದ ನೆಂಟಸ್ತಿಕೆ.

ಹೊಸದಾಗಿ ತೆಗೆದ ಬರೋಲೊ ಕುಡಿಯಲು ಹಿತವಾದ ವಸ್ತುವಲ್ಲ. ಎಳೆಯ ಅಡಿಕೆಯನ್ನು ಕಚ್ಚಿದಾಗ ಬಾಯೊಳಗೆಲ್ಲ ಚರ್ಮ ಸುಕ್ಕಿದಂತೆ ಆಗುತ್ತದಲ್ಲವೇ, ಅದೇ ಅನುಭವ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರಿನಲ್ಲಿ ಇರುವ ಟ್ಯಾನಿನ್ ಎಂಬ ವಸ್ತುವಿನ ಬಳಗವೇ ದ್ರಾಕ್ಷಿಯ ಸಿಪ್ಪೆಯಲ್ಲಿಯೂ ಬೀಜದಲ್ಲಿಯೂ ಇದೆ. ಅದು ಜೊಲ್ಲಿನೊಳಗಿನ ಜಿಗುಟನ್ನು ಹಿಡಿದುಕೊಂಡುಬಿಡುವುದರಿಂದ ಬಾಯಿ ಒಣಗಿ ಒರಟಾಗುತ್ತದೆ. ಪಾಶ್ಚಾತ್ಯ ಶಾಸ್ತ್ರಜ್ಞರು ಇದನ್ನು ರುಚಿಗಳ ಲೆಕ್ಕಕ್ಕೆ ಸೇರಿಸುವುದಿಲ್ಲ, ಇದು ಸ್ಪರ್ಶವೆನ್ನುತ್ತಾರೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿಗಳ ಸಾಲಿನಲ್ಲಿಯೇ ಒಗರನ್ನೂ ಕೂರಿಸಿ ಆರು ರಸಗಳೆಂದು ಎಣಿಸಿದ ನಾಡಿನವರಿಗೆ ಆ ಕೊರತೆ ಇಲ್ಲ. ಬರೋಲೊವಿನ ರುಚಿ ವಿವರಿಸಲು ಇಂಗ್ಲಿಷಿನಲ್ಲಿ ಹತ್ತು ಮಾತು ಹುಡುಕುವವನಿಗೆ ಕನ್ನಡ ಒಂದೇ ಮಾತನ್ನು ಕೊಡಬಲ್ಲದು.

ಈ ಒಗರು ಇಳಿಯುವುದಕ್ಕೆಂದೇ ಇಟಲಿಯವರು ಕಾಯುತ್ತಾರೆ. ಕಾಯಲೇಬೇಕೆಂದು ಕಾನೂನೂ ಇದೆ. ಬರೋಲೊ ಎಂಬ ಹೆಸರು ಹಚ್ಚಿ ಮಾರಬೇಕಾದರೆ ಕಡಮೆಯೆಂದರೆ 38 ತಿಂಗಳು ಕಳೆದಿರಬೇಕು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯೊಳಗೆ. ‘ರಿಸೆರ್ವ’ ಎಂಬ ಮೇಲ್ದರ್ಜೆಯದಾದರೆ 62 ತಿಂಗಳು. ಅಲ್ಲಿಂದ ಮುಂದೆ ಕೊಂಡವರ ತಾಳ್ಮೆ; ಒಳ್ಳೆಯ ವರ್ಷದ ಸೀಸೆಯನ್ನು 20 ವರ್ಷ, 30 ವರ್ಷ ನೆಲಮಾಳಿಗೆಯಲ್ಲಿ ಮಲಗಿಸಿಡುವವರುಂಟು. ಮರದ ಸಂದಿನಿಂದಲೂ ಬಿರಡೆಯ ಮೂಲಕವೂ ಒಳಸೇರುವ ಕಿಂಚಿತ್ ಗಾಳಿಯ ದೆಸೆಯಿಂದ, ಬಿಡಿಬಿಡಿಯಾಗಿದ್ದ ಟ್ಯಾನಿನ್ ಕಣಗಳು ಒಂದಕ್ಕೊಂದು ಕೊಂಡಿಯಾಗಿ, ಬಣ್ಣದ ಕಣಗಳನ್ನೂ ಜೊತೆಗೆ ಸೇರಿಸಿಕೊಂಡು, ಭಾರವಾಗಿ ತಳಕ್ಕೆ ಇಳಿಯುತ್ತವೆ. ಹಳೆಯ ಸೀಸೆಯ ಬುಡದಲ್ಲಿ ಕಾಣುವ ಗಸಿ ಅದೇ. ಮಾಣಿಕ್ಯದ ಬಣ್ಣದ ವೈನ್ ಬರಬರುತ್ತ ಹಳೆಯ ಇಟ್ಟಿಗೆಯ ಬಣ್ಣಕ್ಕೆ ಬರುತ್ತದೆ.

ಆದರೆ ಅದರ ಹುಳಿ? ಅಲ್ಲಿ ಮಾತ್ರ ಗಾದೆಯೇ ಗೆಲ್ಲುತ್ತದೆ. ಇಷ್ಟೆಲ್ಲ ವರ್ಷ ಕಳೆದರೂ ವೈನಿನ ಹುಳಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ, ಮತ್ತು ಉಳಿಯಬೇಕು. ಅದನ್ನು ಕೆಡದಂತೆ ಕಾಯುವ ಕಾವಲುಗಾರರಲ್ಲಿ ಹುಳಿಯೇ ಮುಖ್ಯ. ಮುಪ್ಪಾಗುವುದು ಒಗರು. ಬಿರಡೆ ಸಡಿಲವಾಗಿ ಗಾಳಿ ಮಿತಿಮೀರಿ ನುಗ್ಗಿದರೆ ಹೊಸ ಹುಳಿಯೊಂದು ಹುಟ್ಟುತ್ತದೆ. ಅದು ಹಳತಾದದ್ದಲ್ಲ, ಹಳಸಿದ್ದು. 20 ವರ್ಷ ಕಾದು ತೆರೆದ ಸೀಸೆಯಲ್ಲಿ ವಿನೆಗರ್ ದೊರೆತ ಮನೆಗಳೂ ಆ ದೇಶದಲ್ಲಿ ಇಲ್ಲದಿಲ್ಲ.

ಮೂಗು ಮೊದಲು, ನಾಲಗೆ ಆಮೇಲೆ

ಹಳೆಯ ಬರೋಲೊವಿನ ರುಚಿ ನೋಡುವುದು ಒಂದು ಸಣ್ಣ ವ್ರತದ ಹಾಗೆ. ಮಲಗಿಸಿಟ್ಟಿದ್ದ ಸೀಸೆಯನ್ನು ಹಿಂದಿನ ದಿನವೇ ಎಬ್ಬಿಸಿ ನಿಲ್ಲಿಸಬೇಕು. ಗಸಿ ಕೆಳಗೆ ಕೂರಲಿ ಎಂದು. ಮರುದಿನ ಬಿರಡೆ ತೆಗೆದು, ಕುತ್ತಿಗೆಯ ಹಿಂದೆ ದೀಪವಿಟ್ಟುಕೊಂಡು, ಗಸಿ ಅಲ್ಲಾಡದಂತೆ ಬೇರೆ ಪಾತ್ರೆಗೆ ಬಸಿಯಬೇಕು. ಸಂಸೆಯ ಚಳಿಗಾಲದ ಮುಂಜಾವಿನಷ್ಟು, 16ರಿಂದ 18 ಡಿಗ್ರಿ ಸೆಂಟಿಗ್ರೇಡಿನ ತಂಪು ಇದ್ದರೆ ಸಾಕು. ದೊಡ್ಡ ಲೋಟದ ಮೂರನೆಯ ಒಂದು ಭಾಗಕ್ಕೆ ಸುರಿದು, ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು, ಅಂಚಿನ ಬಣ್ಣ ನೋಡಬೇಕು. ಆಮೇಲೆ ಲೋಟವನ್ನು ಮೆಲ್ಲನೆ ಸುತ್ತಿಸಿ ಮೂಗನ್ನು ಒಳಗಿಟ್ಟು ಉಸಿರೆಳೆಯಬೇಕು.

ಬಲ್ಲವರು ಅಲ್ಲಿ ಏನನ್ನು ಕಾಣುತ್ತಾರೆಂಬುದನ್ನು ಕೇಳಿದರೆ ನಗು ಬಂದೀತು. ಒಣಗಿದ ಗುಲಾಬಿಯ ಪಕಳೆ ಎನ್ನುತ್ತಾರೆ, ಸರಿ. ಅದರ ಜೊತೆಗೆ ಡಾಂಬರು ಎನ್ನುತ್ತಾರೆ! ಹದಮಾಡಿದ ಚರ್ಮ, ಹೊಗೆಸೊಪ್ಪು, ಒದ್ದೆ ನೆಲದ ಅಣಬೆ ಎನ್ನುತ್ತಾರೆ. ಡಾಂಬರಿಗೆ ಹಣ ಕೊಡುವವರು ಯಾರು ಎಂದು ಕೇಳುವ ಗೃಹಿಣಿಗೆ ಉತ್ತರ ಸುಲಭವಲ್ಲ. ಆದರೆ ಮೊದಲ ಮಳೆ ಬಿದ್ದ ಸಂಜೆ ಕಾಡಿನ ಅಂಚಿನಿಂದ ಬರುವ ತರಗೆಲೆಯ ವಾಸನೆಯನ್ನು ಮೂಗರಳಿಸಿ ಸೆಳೆದುಕೊಳ್ಳದವರು ಸಂಸೆಯಲ್ಲಿ ಇದ್ದಾರೆಯೇ? ತರಗೆಲೆ ತಿನ್ನುವ ಪದಾರ್ಥವಲ್ಲ. ಆದರೂ ಆ ವಾಸನೆ ಪ್ರಿಯ. ಹಳೆಯ ವೈನಿನ ಆಕರ್ಷಣೆ ಆ ಜಾತಿಯದು. ಕೊನೆಗೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ತುಟಿಯ ನಡುವೆ ಸ್ವಲ್ಪ ಗಾಳಿಯೆಳೆದು, ನಾಲಗೆಯ ಮೇಲೆಲ್ಲ ಆಡಿಸುತ್ತಾರೆ. ಮೂಗಿಗೂ ಗಂಟಲಿಗೂ ಒಳದಾರಿ ಇರುವುದರಿಂದ ಪರಿಮಳ ಎರಡನೆಯ ಸಲ ಹಿಂಬಾಗಿಲಿನಿಂದ ಮೂಗನ್ನು ಮುಟ್ಟುತ್ತದೆ. ನೆಗಡಿ ಬಂದಾಗ ಊಟ ಸಪ್ಪೆಯಾಗುವುದು ಈ ಹಿಂಬಾಗಿಲು ಮುಚ್ಚಿಹೋಗುವುದರಿಂದಲೇ. ದಿನಕ್ಕೆ ಹತ್ತಾರು ಮಾದರಿ ನೋಡುವ ವೃತ್ತಿಯ ರುಚಿಗಾರರು ನುಂಗುವುದಿಲ್ಲ, ಉಗುಳಿಬಿಡುತ್ತಾರೆ.

ಕಾಫಿಯ ರುಚಿ ನೋಡುವ ಕ್ರಮವೂ ಇದರ ತಂಗಿಯೇ. ಬೆಂಗಳೂರಿನಲ್ಲಿ ಕಾಫಿ ಮಂಡಳಿಯ ಪ್ರಯೋಗಾಲಯವಿದೆ. ಅಲ್ಲಿ ಸಾಲಾಗಿ ಬಟ್ಟಲುಗಳನ್ನಿಟ್ಟು, ನಸುವಾಗಿ ಹುರಿದು ತರಿತರಿಯಾಗಿ ಬೀಸಿದ ಪುಡಿಯನ್ನು ತೂಗಿ ಹಾಕಿ, ಕುದಿ ಇಳಿದ ಬಿಸಿನೀರು ಸುರಿದು, ನಾಲ್ಕು ನಿಮಿಷ ಬಿಡುತ್ತಾರೆ. ಮೇಲೆ ಪುಡಿಯ ಕೆನೆ ಕಟ್ಟುತ್ತದೆ. ರುಚಿಗಾರ ಬಗ್ಗಿ, ಮೂಗನ್ನು ಬಟ್ಟಲಿಗೆ ತಾಗುವಷ್ಟು ಹತ್ತಿರ ತಂದು, ಚಮಚೆಯಿಂದ ಆ ಕೆನೆಯನ್ನು ಒಡೆಯುತ್ತಾನೆ. ಆ ಒಂದು ಉಸಿರಿನಲ್ಲಿ ಅರ್ಧ ತೀರ್ಪು ಮುಗಿದಿರುತ್ತದೆ. ಆಮೇಲೆ ಚಮಚೆಯ ತುದಿಯಿಂದ ಸೊರ್ ಎಂದು ಸದ್ದು ಮಾಡಿ ಹೀರುವುದು. ಮನೆಯಲ್ಲಿ ಮಕ್ಕಳು ಹಾಗೆ ಹೀರಿದರೆ ಗದರುತ್ತಾರೆ. ಅಲ್ಲಿ ಸದ್ದು ಮಾಡದಿದ್ದವನು ಕೆಲಸ ಬಾರದವನು. ಕಾಫಿ ತುಂತುರಾಗಿ ಬಾಯಿತುಂಬ ಹರಡಬೇಕೆಂಬುದೇ ಅದರ ಗುಟ್ಟು. ಹಾಲಿಲ್ಲ, ಸಕ್ಕರೆಯಿಲ್ಲ, ಚಿಕೋರಿಯಂತೂ ಇಲ್ಲವೇ ಇಲ್ಲ.

ಈ ವಿದ್ಯೆಯಲ್ಲಿ ಲೋಕಪ್ರಸಿದ್ಧರಾದವರಲ್ಲಿ ಒಬ್ಬರು ಬೆಂಗಳೂರಿನ ಸುನಾಲಿನಿ ಮೆನನ್. 1970ರ ದಶಕದ ಆರಂಭದಲ್ಲಿ ಕಾಫಿ ಮಂಡಳಿಯ ರುಚಿ ವಿಭಾಗಕ್ಕೆ ಸೇರಿ, ಎರಡು ದಶಕಕ್ಕೂ ಮಿಕ್ಕಿ ಅಲ್ಲಿ ದುಡಿದು, ಆಮೇಲೆ ‘ಕಾಫಿಲ್ಯಾಬ್’ ಎಂಬ ಸ್ವಂತ ಪ್ರಯೋಗಾಲಯ ನಡೆಸಿದ ಅವರನ್ನು ಏಷ್ಯದ ಮೊದಲ ಮಹಿಳಾ ಕಾಫಿ ರುಚಿಗಾರ್ತಿಯೆಂದು ಕರೆಯುತ್ತಾರೆ. ಒಗ್ಗರಣೆಯ ವಾಸನೆಯಿಂದಲೇ ಸಾಸಿವೆ ಸಿಡಿಯಿತೋ ಸೀದಿತೋ ಎಂದು ಪಡಸಾಲೆಯಲ್ಲಿ ಕೂತು ಹೇಳಬಲ್ಲ ಹೆಂಗಸರಿರುವ ನಾಡಿನಲ್ಲಿ, ಮೂಗನ್ನು ನಂಬಿ ಬದುಕುವ ವೃತ್ತಿಯೊಳಗೆ ಒಬ್ಬ ಮಹಿಳೆಯನ್ನು ಕಾಣಲು ಅಷ್ಟು ತಡವಾದುದೇ ಆಶ್ಚರ್ಯ.

ಹಾಯಿಹಡಗಿನ ಉಪಕಾರ

ಮಳೆಗಾಳಿಯ ಕಾಫಿ ಯಾರೋ ಜಾಣರು ಯೋಚಿಸಿ ಕಂಡುಹಿಡಿದದ್ದಲ್ಲ. ಹಡಗಿನವರು ಹೇಳಿಕೊಂಡು ಬಂದ ಕಥೆ ಹೀಗಿದೆ: ಹಾಯಿಹಡಗುಗಳ ಕಾಲದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಿಂದ ಹೊರಟ ಕಾಫಿ, ಆಫ್ರಿಕದ ದಕ್ಷಿಣದ ತುದಿಯನ್ನು ಸುತ್ತಿ ಯೂರೋಪು ಸೇರಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿತ್ತು. ಮರದ ಹಡಗಿನ ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಕಡಲ ತೇವವನ್ನು ಕುಡಿಯುತ್ತ ಕುಡಿಯುತ್ತ ಹಸಿರು ಬೀಜ ಹಳದಿಯಾಗಿಬಿಡುತ್ತಿತ್ತು. ಕೊಂಡವರು ಅದೇ ಅದರ ಸಹಜ ಬಣ್ಣವೆಂದು ತಿಳಿದರು. ಆ ರುಚಿಗೇ ಒಗ್ಗಿದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳು ಬಂದವು, ಪ್ರಯಾಣ ವಾರಗಳಿಗೆ ಇಳಿಯಿತು. ಕಾಫಿ ಮೊದಲಿಗಿಂತ ತಾಜಾ ಆಗಿ ತಲಪಿತು. ಮೆಚ್ಚಬೇಕಾಗಿದ್ದ ಗಿರಾಕಿಗಳು, ಮುಖ್ಯವಾಗಿ ಸ್ಕ್ಯಾಂಡಿನೇವಿಯದ ಕಡೆಯವರು, ಇದು ನಮ್ಮ ಕಾಫಿಯಲ್ಲ ಎಂದು ಮುಖ ಸಿಂಡರಿಸಿದರಂತೆ! ಹಡಗಿನ ಹೊಟ್ಟೆಯಲ್ಲಿ ಆಗುತ್ತಿದ್ದುದನ್ನು ಕರಾವಳಿಯ ಗೋದಾಮಿನಲ್ಲಿ ಮಾಡಿ ಕಳುಹಿಸುವ ಪದ್ಧತಿ ಅಲ್ಲಿಂದ ಬೆಳೆಯಿತು.

ಅದಕ್ಕೆ ಬೇಕಾದುದು ಸಿಪ್ಪೆಸಹಿತ ಒಣಗಿಸಿದ ‘ಚೆರ್ರಿ’ ಕಾಫಿ. ಹಣ್ಣನ್ನು ತಿರುಳು ಬಿಡಿಸಿ ತೊಳೆದು ಮಾಡಿದ ಪಾರ್ಚ್‌ಮೆಂಟ್ ಅಲ್ಲ. ಸಿಪ್ಪೆ ಬಿಡಿಸಿ, ದಪ್ಪ ಬೀಜಗಳನ್ನು ಆರಿಸಿ, ಜೂನ್ ತಿಂಗಳಲ್ಲಿ ಗಾಳಿ ತಿರುಗುತ್ತಲೇ ಗೋದಾಮಿನ ನೆಲದಲ್ಲಿ 4ರಿಂದ 6 ಅಂಗುಲ ದಪ್ಪಕ್ಕೆ ಹರಡುತ್ತಾರೆ. ನಾಲ್ಕೈದು ದಿನ, ಎಲ್ಲ ಬೀಜಕ್ಕೂ ಗಾಳಿ ಸಮವಾಗಿ ತಾಗುವಂತೆ, ಮತ್ತೆ ಮತ್ತೆ ಗೋರೆಯಾಡಿಸುತ್ತಾರೆ. ತರುವಾಯ ಗೋಣಿಚೀಲಗಳಿಗೆ ಸಡಿಲವಾಗಿ ತುಂಬಿ, ಚೀಲದ ಸಾಲುಗಳ ನಡುವೆ ಗಾಳಿ ಓಡಾಡಲು ದಾರಿ ಬಿಟ್ಟು ಪೇರಿಸುತ್ತಾರೆ. ಕೆಲವು ದಿನಕ್ಕೊಮ್ಮೆ ಎಲ್ಲವನ್ನೂ ಸುರಿದು, ಬೆರೆಸಿ, ಮತ್ತೆ ತುಂಬುವುದು. ಈ ಕೆಲಸ ತಪ್ಪಿದರೆ ಚೀಲದ ನಡುವಿನ ಬೀಜ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಲ್ಲಿ ಓಕ್ರಟಾಕ್ಸಿನ್ ಎಂಬ ವಿಷ ಹುಟ್ಟುವ ಭಯವಿದೆ. ಅದು ಇಷ್ಟಕ್ಕಿಂತ ಹೆಚ್ಚಿರಕೂಡದೆಂದು ಐರೋಪ್ಯ ಒಕ್ಕೂಟ ಮಿತಿ ಹಾಕಿದೆ. ಹುಳು ಬಾರದಂತೆಯೂ ನೋಡಿಕೊಳ್ಳಬೇಕು. ಕೊನೆಗೆ, ಸೆಪ್ಟೆಂಬರ್ ಕಳೆದು ಗಾಳಿ ಒಣಗಿದಾಗ, ಸರಿಯಾಗಿ ಉಬ್ಬದ ಬೀಜಗಳನ್ನೂ ಕಪ್ಪಾದವನ್ನೂ ಆರಿಸಿ ತೆಗೆಯುತ್ತಾರೆ. ನೂರಕ್ಕೆ 11ರ ಆಸುಪಾಸು ಇದ್ದ ತೇವ ಈಗ 13, 14ಕ್ಕೆ ಏರಿ ನಿಂತಿರುತ್ತದೆ. ಭೌಗೋಳಿಕ ಗುರುತಿನ ಕಾನೂನಿನ ಪ್ರಕಾರ ಮಾನ್ಸೂನ್ಡ್ ಮಲಬಾರ್ ಅರೇಬಿಕಾ ಮತ್ತು ರೊಬಸ್ಟಾ ಕಾಫಿಗಳ ಹೆಸರು 2007–08ರ ಸಾಲಿನಲ್ಲಿ ದಾಖಲಾದವು. ಬೇರೆ ಸೀಮೆಯವರು ಆ ಹೆಸರನ್ನು ಬಳಸುವಂತಿಲ್ಲ.

ಸಂಸೆಯ ಕಣದಲ್ಲಿ ಮಳೆಗೆ ಸಿಕ್ಕ ಒಂದು ಮೂಟೆ, ಮಂಗಳೂರಿನ ಗೋದಾಮಿನಲ್ಲಿ ಮಳೆಗಾಳಿಗೆ ಒಡ್ಡಿದ ಒಂದು ಮೂಟೆ. ಎರಡೂ ಒಂದೇ ಮೋಡದ ನೀರನ್ನು ಕುಡಿದವು. ಮೊದಲನೆಯದು ಹಳಸಿತು, ಎರಡನೆಯದು ಹಳತಾಯಿತು. ಮೊದಲನೆಯದು ಅರೆ ಒಣಗಿದ ಹಣ್ಣು, ಮೂಟೆಯೊಳಗೆ ಉಸಿರು ಕಟ್ಟಿ ಒಂದೇ ಕಡೆ ಬಿದ್ದಿತ್ತು; ಎರಡನೆಯದನ್ನು ಪೂರ್ತಿ ಒಣಗಿಸಿದ ಮೇಲೆ ತೇವಕ್ಕೆ ಬಿಟ್ಟು, ನಾಲ್ಕು ತಿಂಗಳೂ ಕೈಗಳು ತಿರುವುತ್ತಿದ್ದವು.

ಪಿಯೆಮೊಂತೆಯ ಇನ್ನೊಂದು ಲೋಟ

ಮಳೆಗಾಳಿಯ ಕಾಫಿಯನ್ನು ಹುರಿದು ಇಳಿಸಿ ಕುಡಿದವರಿಗೆ ಮೊದಲು ತಿಳಿಯುವುದು, ಇಲ್ಲದಿರುವ ಒಂದು ಸಂಗತಿ. ಒಳ್ಳೆಯ ಅರೇಬಿಕಾದಲ್ಲಿ ನಾಲಗೆಯ ಅಂಚನ್ನು ಚುರುಕುಗೊಳಿಸುವ ಕಿತ್ತಳೆಯ ಹಾಗಿನ ಹುಳಿ ಇಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದರ ಜಾಗದಲ್ಲಿ ಒಂದು ಭಾರ ಬಂದಿರುತ್ತದೆ. ನೀರಿನಂತಲ್ಲದೆ ಗಂಜಿಯ ತಿಳಿಯಂತೆ ನಾಲಗೆಯ ಮೇಲೆ ನಿಲ್ಲುವ ಗುಣ. ಒದ್ದೆಮಣ್ಣು, ಹಳೆಯ ಮರದ ಪೆಟ್ಟಿಗೆ, ಹೊಗೆಸೊಪ್ಪು, ಒಂದಿಷ್ಟು ಮಸಾಲೆ. ಹಳೆಯ ಬರೋಲೊವಿನ ಲೋಟದಲ್ಲಿ ಕಂಡ ಪರಿಮಳಗಳ ಬಂಧುಬಳಗದವರೇ ಇಲ್ಲಿಯೂ ಒಬ್ಬಿಬ್ಬರು ಕಾಣಿಸಿಕೊಳ್ಳುತ್ತಾರೆ. ಎಲ್ಲರಿಗೂ ಇದು ಹಿಡಿಸುತ್ತದೆಂದು ಹೇಳುವುದು ಸುಳ್ಳಾದೀತು. ಕಾಫಿಯ ಸೊಗಸೆಲ್ಲ ಆ ಹುಳಿಯ ಮಿಂಚಿನಲ್ಲಿಯೇ ಇದೆಯೆನ್ನುವ ರುಚಿಗಾರರು ಇದನ್ನು ಮಂಕು ಕಾಫಿಯೆಂದು ಪಕ್ಕಕ್ಕಿಡುತ್ತಾರೆ. ಅವರ ಮಾತಿನಲ್ಲಿಯೂ ಹುರುಳಿದೆ.

ಇದು ಹೇಳಿಮಾಡಿಸಿದಂತೆ ಹೊಂದುವುದು ಎಸ್ಪ್ರೆಸ್ಸೊ ಎಂಬ ಇಟಲಿಯ ಕಾಫಿಗೆ. ಬಿಸಿನೀರನ್ನು ಒತ್ತಡದಿಂದ ನುಣ್ಣನೆಯ ಪುಡಿಯ ಮೂಲಕ ಹಾಯಿಸಿ, ಅರ್ಧ ನಿಮಿಷದೊಳಗೆ ಒಂದೆರಡು ಗುಟುಕಿನಷ್ಟು ಗಟ್ಟಿ ಕಾಫಿ ಇಳಿಸುವ ಕ್ರಮ ಅದು. ಒತ್ತಡದಲ್ಲಿ ಹುಳಿ ಇನ್ನಷ್ಟು ಎದ್ದು ಕಾಣುವುದರಿಂದ, ಹುಳಿ ಕಡಮೆಯಿದ್ದು ಭಾರ ಹೆಚ್ಚಿರುವ ಬೀಜವನ್ನು ಮಿಶ್ರಣಕ್ಕೆ ಸೇರಿಸಿಕೊಳ್ಳುತ್ತಾರೆ. ಇಂಥ ಯಂತ್ರಕ್ಕೆ ಮೊದಲ ಹಕ್ಕುಪತ್ರ ಪಡೆದವನು ಆಂಜೆಲೊ ಮೊರಿಯೊಂಡೊ, 1884ರಲ್ಲಿ, ತುರಿನ್ ನಗರದಲ್ಲಿ. ತುರಿನ್ ಯಾವ ಪ್ರಾಂತದ ರಾಜಧಾನಿ? ಬರೋಲೊ ಹುಟ್ಟುವ ಅದೇ ಪಿಯೆಮೊಂತೆಯದು. ಮಿಲಾನಿನ ಲುಯಿಜಿ ಬೆಜ್ಜೆರ 1901ರಲ್ಲಿ ಅದನ್ನು ತಿದ್ದಿದ. ಅದೇ ನಗರದ ಅಕಿಲ್ಲೆ ಗಾಜ್ಜಿಯ 20ನೆಯ ಶತಮಾನದ ನಡುಭಾಗದಲ್ಲಿ ಉಗಿಯನ್ನು ಬಿಟ್ಟು ಸನ್ನೆಕೋಲಿನ ಒತ್ತಡವನ್ನು ತಂದು, ಕಾಫಿಯ ಮೇಲೆ ಹೊಂಬಣ್ಣದ ಕೆನೆ ಬರಿಸಿದ. ಆ ಕೆನೆಯನ್ನು ದಪ್ಪವಾಗಿ ನಿಲ್ಲಿಸುವುದರಲ್ಲಿ ರೊಬಸ್ಟಾದ ಪಾತ್ರ ದೊಡ್ಡದು. ಭಾರತದ ಕಾಫಿಯನ್ನು ಎಲ್ಲರಿಗಿಂತ ಹೆಚ್ಚಾಗಿ ಕೊಳ್ಳುವ ದೇಶ ವರ್ಷಗಳಿಂದ ಇಟಲಿಯೇ. ರಫ್ತಿನ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಅಲ್ಲಿಗೆ ಹೋಗುತ್ತದೆ. ಅದೆಲ್ಲ ಮಳೆಗಾಳಿಯ ಕಾಫಿಯಲ್ಲ, ನಿಜ. ಅದು ಅದರೊಳಗಿನ ಒಂದು ಸಣ್ಣ ಭಾಗ. ಆದರೂ ಪಿಯೆಮೊಂತೆಯ ಮನೆಯೊಂದರಲ್ಲಿ ಊಟದ ನಡುವೆ ಹಳೆಯ ಬರೋಲೊವನ್ನೂ, ಊಟದ ಕೊನೆಗೆ ಎಸ್ಪ್ರೆಸ್ಸೊವನ್ನೂ ಕುಡಿದು ಏಳುವ ಯಜಮಾನನ ಎರಡನೆಯ ಲೋಟದಲ್ಲಿ ಪಶ್ಚಿಮ ಘಟ್ಟದ ಬೀಜ ಇರುವ ಸಂಭವ ಕಡಮೆಯೇನಲ್ಲ.

ಬೆಳೆದವನ ಲೋಟ

ಇಷ್ಟಾಗಿ, ಆ ರುಚಿಯ ಪರಿಚಯವೇ ಇಲ್ಲದವನು ಅದನ್ನು ಬೆಳೆದವನು. ಇದಕ್ಕೆ ಅವನನ್ನು ದೂರುವುದು ಅನ್ಯಾಯ. 1940ರ ದಶಕದಿಂದ 1990ರ ದಶಕದವರೆಗೆ ಬೆಳೆಗಾರ ತನ್ನ ಫಸಲನ್ನು ಕಾಫಿ ಮಂಡಳಿಯ ಸಾಮೂಹಿಕ ದಾಸ್ತಾನಿಗೆ ಒಪ್ಪಿಸಬೇಕಾಗಿತ್ತು. ಎಲ್ಲರ ಕಾಫಿಯೂ ಒಂದೇ ರಾಶಿಯಲ್ಲಿ ಸೇರಿಹೋಗುತ್ತಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. ತನ್ನ ತೋಟದ ಕಾಫಿಗೆ ತನ್ನದೇ ಒಂದು ರುಚಿ ಇದೆಯೇ ಎಂದು ಕೇಳಿಕೊಳ್ಳುವ ಸಂದರ್ಭವೇ ಅವನಿಗೆ ಬರಲಿಲ್ಲ. 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ದಾಸ್ತಾನಿನ ಜಾಗಕ್ಕೆ ಪೇಟೆಯ ವ್ಯಾಪಾರಿ ಬಂದ. ಅವನೂ ನೋಡುವುದು ತೇವವನ್ನು, ‘ಔಟ್‌ಟರ್ನ್’ ಅನ್ನು, ಅಂದರೆ ಒಂದು ಮೂಟೆ ಚೆರ್ರಿಗೆ ಎಷ್ಟು ಬೀಜ ಇಳಿದೀತೆಂಬುದನ್ನು, ಬಟ್ಟಲಿನೊಳಗಿನ ರುಚಿಯನ್ನಲ್ಲ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು, 10 ಹೆಕ್ಟೇರಿಗಿಂತ ಸಣ್ಣವು. ನಾಲ್ಕು ತಿಂಗಳು ಗೋದಾಮಿನಲ್ಲಿ ಸರಕು ಹರಡಿ ಕೂರುವ ಶಕ್ತಿ ಅಂಥವರಿಗೆ ಎಲ್ಲಿಯದು? ಮಗಳ ಮದುವೆ, ಗೊಬ್ಬರದ ಸಾಲ, ಆಳಿನ ಕೂಲಿ, ಇವೆಲ್ಲ ಮಳೆಗೆ ಮೊದಲೇ ಬಾಗಿಲಿಗೆ ಬಂದು ನಿಂತಿರುತ್ತವೆ. ವಯಸ್ಸಾಗಲು ಬಿಡುವುದೂ ಒಂದು ಸಿರಿವಂತಿಕೆ. ಬರೋಲೊವಿನ ನೆಲಮಾಳಿಗೆಗೂ ಆ ಮಾತು ಸಲ್ಲುತ್ತದೆ.

ಆದರೆ ರುಚಿ ನೋಡಲು ಗೋದಾಮು ಬೇಕಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಈ ಜಿಲ್ಲೆಯಲ್ಲಿಯೇ ಇದೆ. ಕಾಫಿ ಮಂಡಳಿ ಬೆಳೆಗಾರರ ಕಾಫಿಗಳಿಗೆ ರುಚಿಯ ಸ್ಪರ್ಧೆ ಏರ್ಪಡಿಸುತ್ತದೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎಂಬ ಹೆಸರುಗಳಿಗೂ ಭೌಗೋಳಿಕ ಗುರುತು ದೊರೆಯಿತು. ಇದರ ಪ್ರಯೋಜನ ಸಂಸೆಯ ಕಣದವರೆಗೆ ಬರಬೇಕಾದರೆ, ಕಣದವನ ನಾಲಗೆಗೆ ತನ್ನ ಬೀಜದ ಗುರುತು ಮೊದಲು ಸಿಗಬೇಕು. ಸದ್ಯಕ್ಕೆ ಮನೆಗೆಂದು ಅವನು ಉಳಿಸಿಕೊಳ್ಳುವುದು ಮಾರಾಟಕ್ಕೆ ಹೋಗದ ಒಡಕು ಬೀಜ. ಅದಕ್ಕೆ ಚಿಕೋರಿ, ಗಟ್ಟಿ ಹಾಲು, ಬೆಲ್ಲವೋ ಸಕ್ಕರೆಯೋ ಸೇರಿ ಆಗುವ ಕಾಫಿ, ಮಳೆಗಾಲದ ಸಂಜೆ ಒಲೆಯ ಮುಂದೆ ಕೂತು ಕುಡಿಯಲು ಅಮೃತವೇ ಸರಿ. ಬೀಜದ ಗುಣ ಮಾತ್ರ ಅದರೊಳಗೆ ಮುಳುಗಿಹೋಗಿರುತ್ತದೆ.

ಪೇಟೆಯಲ್ಲಿರುವ ಓದುಗರಿಗೆ ಈ ಪರೀಕ್ಷೆ ಕಷ್ಟವಲ್ಲ. ಬೆಂಗಳೂರು, ಮೈಸೂರು, ಮಂಗಳೂರುಗಳ ಕಾಫಿಪುಡಿ ಅಂಗಡಿಗಳಲ್ಲಿ ಕೇಳಿದರೆ ಮಾನ್ಸೂನ್ಡ್ ಮಲಬಾರ್ ಬೀಜ ದೊರೆಯುವುದುಂಟು. ಅದರ 50 ಗ್ರಾಂ, ತೊಳೆದು ಮಾಡಿದ ಪ್ಲಾಂಟೇಷನ್ ಅರೇಬಿಕಾದ 50 ಗ್ರಾಂ, ಎರಡನ್ನೂ ಚಿಕೋರಿಯಿಲ್ಲದೆ ಬೇರೆ ಬೇರೆ ಬೀಸಿಸಿ ತರಬೇಕು. ಎರಡು ಲೋಟಕ್ಕೆ ಒಂದೊಂದು ದೊಡ್ಡ ಚಮಚೆ ಪುಡಿ, ಕುದಿ ಇಳಿದ ನೀರು, ನಾಲ್ಕು ನಿಮಿಷ. ಕೆನೆಯೊಡೆದು ಮೂಸಿ, ಪುಡಿ ತಳಕ್ಕೆ ಕೂತ ಮೇಲೆ ಮೊದಲು ಅರೇಬಿಕಾ, ಆಮೇಲೆ ಮಾನ್ಸೂನ್ಡ್. ಸದ್ದು ಮಾಡಿಯೇ ಹೀರಬೇಕು. ಬಿಸಿಯಿದ್ದಾಗ ಒಮ್ಮೆ, ಉಗುರುಬೆಚ್ಚಗಾದಾಗ ಮತ್ತೊಮ್ಮೆ. ಆರಿದಷ್ಟೂ ಹುಳಿ ಇರುವುದು, ಇಲ್ಲದಿರುವುದು ಸ್ಪಷ್ಟವಾಗುತ್ತದೆ. ಮಕ್ಕಳು ಬಂದು ಹೀರುವ ಸದ್ದಿಗೆ ನಕ್ಕರೆ ನಗಲಿ. ಮಾನ್ಸೂನ್ಡ್ ಲೋಟದಲ್ಲಿ ಉಳಿದುದಕ್ಕೆ ಕೊನೆಯಲ್ಲಿ ಬಿಸಿ ಹಾಲು ಬೆರೆಸಿ ನೋಡಬಹುದು. ಅದರಲ್ಲಿ ಹುಳಿ ಮುಪ್ಪಾಗಿರುವುದರಿಂದ ಹಾಲಿನೊಡನೆ ಅದಕ್ಕೆ ಜಗಳವೇ ಇಲ್ಲ.